ಓದುಗರ ಪ್ರಶ್ನೆ: ಕಡಲಿನ ತಗ್ಗು, ಬೆಟ್ಟದ ಬೇರು, ಇಲ್ಲದೇ ಹೋದ ಶುಕ್ರವಾರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜಗತ್ತಿನ ವಿಚಿತ್ರ ಸಂಗತಿಗಳನ್ನು ಕುರಿತವು. ಮೊಬೈಲಿಗೆ ಬಂದ ಒಂದೆರಡು ಸಾಲಿನ ಸಂದೇಶವನ್ನು ಬರೆದು, ಇದು ನಿಜವೇ ಎಂದು ಹಲವರು ಕೇಳಿದ್ದಾರೆ. ನಿಜ ಅಥವಾ ಸುಳ್ಳು ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಇಂಥ ಸಂಗತಿಗಳಲ್ಲಿ ನಿಜವಾಗಿಯೂ ಬೆರಗು ಹುಟ್ಟಿಸುವುದು ಅವುಗಳ ಹಿಂದಿರುವ ಕಾರಣ, ಮತ್ತು ಸಂದೇಶಗಳಲ್ಲಿ ಸದಾ ಬಿಟ್ಟುಹೋಗುವುದೂ ಅದೇ. ಆದ್ದರಿಂದ ಈ ಸಲ ಕೆಲವೇ ಪ್ರಶ್ನೆಗಳನ್ನು ಆರಿಸಿಕೊಂಡು, ಕಾರಣ ದೊಡ್ಡದಿರುವಲ್ಲಿ ಉತ್ತರವನ್ನೂ ಉದ್ದವಾಗಿಯೇ ಬರೆದಿದ್ದೇವೆ.

ಪ್ರಶ್ನೆ: ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ನೀರಿನ ಮಟ್ಟ ನೂರು ಮೀಟರಿಗಿಂತಲೂ ತಗ್ಗಿನಲ್ಲಿದೆ ಎಂದು ಓದಿದೆ. ನೀರು ತನ್ನ ಮಟ್ಟವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂದು ಶಾಲೆಯಲ್ಲಿ ಕಲಿತ ನಮಗೆ ಇದು ಅರ್ಥವಾಗುವುದಿಲ್ಲ. ಸುತ್ತಲಿನ ನೀರು ಹರಿದು ಬಂದು ಆ ತಗ್ಗನ್ನು ತುಂಬುವುದಿಲ್ಲವೇಕೆ? ಹಡಗುಗಳಿಗೆ ಅಪಾಯವಿಲ್ಲವೇ?
— ಓದುಗರೊಬ್ಬರು, ಕಾರವಾರ

ಉತ್ತರ: ಸಂಗತಿ ನಿಜ. ಶಾಲೆಯಲ್ಲಿ ಕಲಿತದ್ದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದನ್ನು ತಿಳಿಯಬೇಕಾದರೆ, ಮಟ್ಟ ಎಂಬುದನ್ನು ನಾವು ಯಾವುದರಿಂದ ನಿರ್ಧರಿಸುತ್ತೇವೆ ಎಂದು ಮೊದಲು ಯೋಚಿಸಬೇಕು. ಮನೆ ಕಟ್ಟುವವರು ರಸಮಟ್ಟವನ್ನೂ ತೂಗುಗುಂಡನ್ನೂ ಬಳಸುತ್ತಾರೆ. ಗುಂಡು ಯಾವ ದಿಕ್ಕಿಗೆ ಜೋತುಬೀಳುತ್ತದೆಯೋ ಅದು ಕೆಳಗು. ಆ ದಾರಕ್ಕೆ ಲಂಬವಾಗಿರುವುದು ಸಮತಟ್ಟು. ಅಂದರೆ ಸಮತಟ್ಟು ಎಂಬುದನ್ನು ತೀರ್ಮಾನಿಸುವುದು ಆ ಜಾಗದ ಗುರುತ್ವಾಕರ್ಷಣೆಯೇ ಹೊರತು ಬೇರಾವುದೂ ಅಲ್ಲ. ಭೂಮಿಯ ಒಳಗಿನ ಶಿಲೆ ಎಲ್ಲೆಡೆ ಒಂದೇ ಸಾಂದ್ರತೆಯದಾಗಿದ್ದರೆ, ಕಡಲಿನ ಮೇಲ್ಮೈ ಧ್ರುವಗಳಲ್ಲಿ ತುಸು ಚಪ್ಪಟೆಯಾದ ನುಣುಪಾದ ಗೋಳದ ಆಕಾರದಲ್ಲಿರುತ್ತಿತ್ತು. ಒಳಗೆ ಕೆಲವೆಡೆ ಭಾರವಾದ, ಕೆಲವೆಡೆ ಹಗುರವಾದ ವಸ್ತು ಇರುವುದರಿಂದ ಸೆಳೆತ ಅಲ್ಲಲ್ಲಿ ಬೇರೆಯಾಗುತ್ತದೆ. ಸೆಳೆತ ಹೆಚ್ಚಿರುವ ಕಡೆಗೆ ನೀರು ಒಟ್ಟುಗೂಡಿ ಉಬ್ಬುತ್ತದೆ, ಕಡಿಮೆಯಿರುವ ಕಡೆ ತಗ್ಗುತ್ತದೆ. ನ್ಯೂಗಿನಿಯ ಬಳಿ ಕಡಲಿನ ಮೇಲ್ಮೈ ಆ ಆದರ್ಶ ಗೋಳಕ್ಕಿಂತ 80 ಮೀಟರಿಗೂ ಮೇಲಿದೆ. ನೀವು ಕೇಳಿದ ಜಾಗದಲ್ಲಿ ಸುಮಾರು 106 ಮೀಟರ್ ಕೆಳಗಿದೆ. ಇಡೀ ಭೂಮಿಯಲ್ಲಿ ಇದಕ್ಕಿಂತ ದೊಡ್ಡ ತಗ್ಗು ಇನ್ನೊಂದಿಲ್ಲ. ಇದರ ಹರವು ಸುಮಾರು 30 ಲಕ್ಷ ಚದರ ಕಿಲೋಮೀಟರ್, ಹೆಚ್ಚುಕಡಿಮೆ ಭಾರತದಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೀರು ಈಗಾಗಲೇ ತನ್ನ ಮಟ್ಟವನ್ನು ಕಂಡುಕೊಂಡಿದೆ. ಆ ಮಟ್ಟವೇ ಅಲ್ಲಿ ತಗ್ಗಾಗಿದೆ. ತಗ್ಗಿನ ಅಂಚಿನಲ್ಲಿ ನಿಂತು ತೂಗುಗುಂಡು ಇಳಿಬಿಟ್ಟರೆ ಅದು ನೀರಿನ ಮೇಲ್ಮೈಗೆ ಲಂಬವಾಗಿಯೇ ನಿಲ್ಲುತ್ತದೆ, ರಸಮಟ್ಟದ ಗುಳ್ಳೆ ನಡುವಿನಲ್ಲಿಯೇ ಇರುತ್ತದೆ. ಆದ್ದರಿಂದ ಹರಿಯುವುದಕ್ಕೆ ನೀರಿಗೆ ಕಾರಣವಿಲ್ಲ, ಹಡಗು ಜಾರುವ ಮಾತೂ ಇಲ್ಲ. ತಗ್ಗಿನ ಕಡೆಗೆ ಸಾಗುವಾಗ ಹಡಗಿಗೆ ಇಂಧನ ಉಳಿಯುವುದಿಲ್ಲ, ಆಚೆ ಬದಿಗೆ ಹೋಗುವಾಗ ಹೆಚ್ಚು ಖರ್ಚಾಗುವುದೂ ಇಲ್ಲ. ಅಲ್ಲಿ ಗುರುತ್ವಾಕರ್ಷಣೆಯಲ್ಲಿ ಆಗಿರುವ ಕೊರತೆ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಾವಿಕರು ಶತಮಾನಗಳ ಕಾಲ ಅದರ ಮೇಲೆಯೇ ಓಡಾಡಿದರೂ ಯಾರಿಗೂ ಅದು ಗೊತ್ತಾಗದಿದ್ದುದು ಸಹಜ. 1948ರಲ್ಲಿ ಡಚ್ ಭೂಭೌತವಿಜ್ಞಾನಿ ಫೆಲಿಕ್ಸ್ ವೆನಿಂಗ್ ಮೈನೆಸ್ ಅವರು ಹಡಗಿನಿಂದ ನಡೆಸಿದ ಗುರುತ್ವ ಮಾಪನಗಳಲ್ಲಿ ಇದರ ಸುಳಿವು ಸಿಕ್ಕಿತು. 2002ರಲ್ಲಿ ಹಾರಿದ ಗ್ರೇಸ್ ಮತ್ತು 2009ರಲ್ಲಿ ಹಾರಿದ ಗೋಚೆ ಉಪಗ್ರಹಗಳು ಅದರ ಚಿತ್ರವನ್ನು ಸ್ಪಷ್ಟಗೊಳಿಸಿದವು.

ಈ ಕೊರತೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಬೆಂಗಳೂರಿನಿಂದಲೇ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯೀ ಘೋಷ್ ಅವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಳೆದ 14 ಕೋಟಿ ವರ್ಷಗಳಲ್ಲಿ ಭೂಫಲಕಗಳು ಸರಿದ ಬಗೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ, ಭೂಮಿಯ ಒಳಪದರ ಹೇಗೆ ಕದಲಿರಬಹುದು ಎಂದು ಲೆಕ್ಕ ಹಾಕಿದರು. ಭಾರತ ಉತ್ತರಕ್ಕೆ ಸರಿದು ಏಷ್ಯಾವನ್ನು ಸೇರುವ ಮೊದಲು ನಡುವೆ ಟೆಥಿಸ್ ಎಂಬ ಸಾಗರವಿತ್ತು. ಆ ಸಾಗರದ ತಳದ ಶಿಲೆ ಏಷ್ಯಾದ ಅಡಿಗೆ ತೂರಿ, ಆಳಕ್ಕೆ ಮುಳುಗುತ್ತಾ ಹೋಗಿ, ಆಫ್ರಿಕಾದ ಕೆಳಗೆ ಬಹು ಆಳದಲ್ಲಿರುವ ಬಿಸಿಯಾದ ದೊಡ್ಡ ರಾಶಿಯೊಂದನ್ನು ಕದಲಿಸಿತು. ಅಲ್ಲಿಂದ ಎದ್ದ ಬಿಸಿಯಾದ, ಹಗುರವಾದ ಶಿಲೆ ಹಿಂದೂ ಮಹಾಸಾಗರದ ಕೆಳಕ್ಕೆ ಬಂದು ಸೇರಿತು. ಸುಮಾರು 2 ಕೋಟಿ ವರ್ಷಗಳ ಹಿಂದೆ ತಗ್ಗು ಇಂದಿನ ರೂಪಕ್ಕೆ ಬಂತು. ಇದು ಅವರ ವಿವರಣೆಯ ಸಾರ. ಭೂಪಟದಿಂದ ಎಂದೋ ಅಳಿದುಹೋದ ಕಡಲೊಂದು ಇಂದಿನ ಕಡಲಿನ ಮೇಲ್ಮೈಯನ್ನು ತಗ್ಗಿಸುತ್ತಿದೆ ಎಂಬುದು, ನಮ್ಮ ಮಟ್ಟಿಗೆ, 106 ಮೀಟರ್ ಎಂಬ ಅಂಕಿಗಿಂತ ಬಹಳ ದೊಡ್ಡ ಸಂಗತಿ.

ಪ್ರಶ್ನೆ: ಜಗತ್ತಿನ ಅತಿ ಎತ್ತರದ ಪರ್ವತ ಎವರೆಸ್ಟ್ ಅಲ್ಲ, ಚಿಂಬೊರಾಜೊ ಎಂದು ಒಬ್ಬರು, ಮೌನಾ ಕಿಯಾ ಎಂದು ಇನ್ನೊಬ್ಬರು ಹೇಳುತ್ತಾರೆ. ಮಕ್ಕಳಿಗೆ ಯಾವುದನ್ನು ಕಲಿಸಬೇಕು?
— ಶಾಲಾ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಎವರೆಸ್ಟ್ ಎಂದೇ ಕಲಿಸಿ, ಆದರೆ ಎಲ್ಲಿಂದ ಅಳೆದರೆ ಎಂಬುದನ್ನೂ ಸೇರಿಸಿ. ಸಮುದ್ರ ಮಟ್ಟದಿಂದ ಅಳೆದರೆ ಎವರೆಸ್ಟ್ 8,848.86 ಮೀಟರ್, ಇದು ನೇಪಾಳ ಮತ್ತು ಚೀನಾ 2020ರಲ್ಲಿ ಒಟ್ಟಾಗಿ ಘೋಷಿಸಿದ ಅಂಕಿ. ಭೂಮಿ ತನ್ನ ಸುತ್ತ ತಿರುಗುವುದರಿಂದ ಸಮಭಾಜಕದ ಬಳಿ ಉಬ್ಬಿಕೊಂಡಿದೆ, ಅಲ್ಲಿಯ ತ್ರಿಜ್ಯ ಧ್ರುವಗಳಿಗಿಂತ ಸುಮಾರು 21 ಕಿಲೋಮೀಟರ್ ಹೆಚ್ಚು. ಈಕ್ವೆಡಾರಿನ ಚಿಂಬೊರಾಜೊ ಸಮಭಾಜಕಕ್ಕೆ ತೀರ ಹತ್ತಿರದಲ್ಲಿರುವುದರಿಂದ, ಸಮುದ್ರ ಮಟ್ಟದಿಂದ ಸುಮಾರು 6,263 ಮೀಟರ್ ಮಾತ್ರ ಎತ್ತರವಿದ್ದರೂ, ಅದರ ತುದಿ ಭೂಕೇಂದ್ರದಿಂದ ಎವರೆಸ್ಟಿನ ತುದಿಗಿಂತ ಎರಡು ಕಿಲೋಮೀಟರಿನಷ್ಟು ಹೆಚ್ಚು ದೂರದಲ್ಲಿದೆ. ಹವಾಯಿಯ ಮೌನಾ ಕಿಯಾ ಕಡಲ ತಳದಿಂದ ಎದ್ದ ಜ್ವಾಲಾಮುಖಿ. ನೀರಿನ ಮೇಲೆ ಕಾಣುವುದು 4,207 ಮೀಟರ್, ತಳದಿಂದ ಅಳೆದರೆ 10,000 ಮೀಟರ್ ದಾಟುತ್ತದೆ. ಮೂರೂ ಲೆಕ್ಕಗಳು ಸರಿ.

ನಿಮ್ಮ ಮಕ್ಕಳಿಗೆ ಇದಕ್ಕಿಂತ ಸ್ವಾರಸ್ಯದ ಇನ್ನೊಂದು ಕಥೆಯನ್ನು ಹೇಳಬಹುದು. ಎವರೆಸ್ಟನ್ನು ಮೊದಲು ಅಳೆದದ್ದು, ಭಾರತವನ್ನು ತ್ರಿಕೋನಗಳಾಗಿ ಹಂಚಿಕೊಂಡು ಅಳೆದ ಮಹಾ ಸರ್ವೇಕ್ಷಣೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಅದನ್ನು ಮದರಾಸಿನ ಬಳಿ ಆರಂಭಿಸಿದರು. 1804ರಲ್ಲಿ ಬೆಂಗಳೂರಿನ ಬಳಿಯೂ ಒಂದು ಆಧಾರರೇಖೆಯನ್ನು ಅಳೆದು, ಅಲ್ಲಿಯವರೆಗಿನ ಲೆಕ್ಕವನ್ನು ತಾಳೆ ನೋಡಿದರು. ನೇಪಾಳದೊಳಗೆ ಹೋಗಲು ಅನುಮತಿ ಇರದಿದ್ದ ಕಾರಣ ಎವರೆಸ್ಟನ್ನು 150 ಕಿಲೋಮೀಟರಿಗೂ ಹೆಚ್ಚು ದೂರದ ಬಯಲಿನಿಂದ ನೋಡಿ, ಕೋನಗಳನ್ನು ಹಿಡಿದು, ಲೆಕ್ಕ ಮಾಡಬೇಕಾಯಿತು. ಆ ಲೆಕ್ಕದಲ್ಲಿ ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದರ್ ಅವರ ಪಾತ್ರ ದೊಡ್ಡದು. 1856ರಲ್ಲಿ ಪ್ರಕಟವಾದ ಅಂಕಿ 29,002 ಅಡಿ. ಉಪಗ್ರಹಗಳ ನೆರವಿನಿಂದ ಅಳೆದ ಇಂದಿನ ಅಂಕಿಗೂ ಅದಕ್ಕೂ ಇರುವ ಅಂತರ ಒಂಬತ್ತು ಮೀಟರ್ ಮಾತ್ರ.

ಇಷ್ಟು ಎಚ್ಚರಿಕೆಯಿಂದ ಅಳೆಯುತ್ತಿದ್ದವರಿಗೆ ಒಂದು ಕಡೆ ಲೆಕ್ಕ ತಪ್ಪಿತು. ಹಿಮಾಲಯದ ತಪ್ಪಲಿಗೆ ಹತ್ತಿರದ ಕಲಿಯಾನಾ ಮತ್ತು ಅದರ ದಕ್ಷಿಣಕ್ಕೆ ಸುಮಾರು 600 ಕಿಲೋಮೀಟರ್ ದೂರದ ಕಲಿಯಾನಪುರ ಎಂಬ ಎರಡು ಠಾಣೆಗಳ ಅಕ್ಷಾಂಶದ ವ್ಯತ್ಯಾಸವನ್ನು ಎರಡು ವಿಧಾನಗಳಿಂದ ಕಂಡುಹಿಡಿದಿದ್ದರು. ನೆಲದ ಮೇಲೆ ತ್ರಿಕೋನಗಳಿಂದ ಅಳೆದದ್ದು ಒಂದು, ನಕ್ಷತ್ರಗಳನ್ನು ನೋಡಿ ಲೆಕ್ಕ ಹಾಕಿದ್ದು ಇನ್ನೊಂದು. ಎರಡಕ್ಕೂ 5.236 ಸೆಕೆಂಡಿನ ಅಂತರ ಬಂತು. ಇಲ್ಲಿ ಸೆಕೆಂಡು ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ. ನೆಲದ ಮೇಲೆ ಒಟ್ಟು 160 ಮೀಟರಿನಷ್ಟು. ನಕ್ಷತ್ರ ನೋಡುವವರು ಉಪಕರಣವನ್ನು ತೂಗುಗುಂಡಿನ ಆಧಾರದಿಂದ ನೇರಗೊಳಿಸುತ್ತಾರೆ. ಹಿಮಾಲಯದ ರಾಶಿ ಆ ಗುಂಡನ್ನು ತನ್ನತ್ತ ಸೆಳೆದದ್ದರಿಂದ ಹೀಗಾಗಿರಬೇಕು ಎಂದು ಊಹಿಸಿದ ಜಾನ್ ಪ್ರ್ಯಾಟ್, ಪರ್ವತಗಳ ಅಂದಾಜು ತೂಕದಿಂದ ಆ ಸೆಳೆತ ಎಷ್ಟಿರಬೇಕೆಂದು ಲೆಕ್ಕ ಹಾಕಿದರು. ಕಲ್ಕತ್ತದಲ್ಲಿ ಚರ್ಚಿನ ಉನ್ನತ ಹುದ್ದೆಯಲ್ಲಿದ್ದ ಪ್ರ್ಯಾಟ್ ಒಳ್ಳೆಯ ಗಣಿತಜ್ಞರೂ ಆಗಿದ್ದರು. ಅವರಿಗೆ ದೊರೆತ ಉತ್ತರ 15.885 ಸೆಕೆಂಡ್. ಅಂದರೆ ಹಿಮಾಲಯ ತನ್ನ ಗಾತ್ರಕ್ಕೆ ತಕ್ಕಷ್ಟು ಸೆಳೆಯುತ್ತಿರಲಿಲ್ಲ; ಸೆಳೆಯಬೇಕಾದದ್ದರ ಮೂರನೇ ಒಂದು ಪಾಲನ್ನು ಮಾತ್ರ ಸೆಳೆಯುತ್ತಿತ್ತು.

1855ರಲ್ಲಿ, ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಜಾರ್ಜ್ ಏರಿ ಇದಕ್ಕೆ ಕೊಟ್ಟ ವಿವರಣೆ ಭೂವಿಜ್ಞಾನದ ದಿಕ್ಕನ್ನೇ ಬದಲಿಸಿತು. ಪರ್ವತಗಳು ಗಟ್ಟಿ ನೆಲದ ಮೇಲೆ ಹೇರಿಟ್ಟ ರಾಶಿಗಳಲ್ಲ. ನೀರಿನಲ್ಲಿ ತೇಲುವ ದಿಮ್ಮಿಗಳಲ್ಲಿ ಹೆಚ್ಚು ಮೇಲೆದ್ದು ಕಾಣುವ ದಿಮ್ಮಿ ಕೆಳಗೂ ಹೆಚ್ಚು ಮುಳುಗಿರುವ ಹಾಗೆ, ಎತ್ತರದ ಪರ್ವತಕ್ಕೆ ಕೆಳಗೆ ಆಳವಾದ ಬೇರು ಇರುತ್ತದೆ. ಆ ಬೇರು ತನ್ನ ಸುತ್ತಲಿನ ಭಾರದ ಶಿಲೆಗಿಂತ ಹಗುರವಾದ ಶಿಲೆಯಿಂದ ಆಗಿರುವುದರಿಂದ, ಮೇಲಿನ ರಾಶಿಯ ಹೆಚ್ಚುವರಿ ಸೆಳೆತವನ್ನು ಕೆಳಗಿನ ಕೊರತೆ ಬಹುಪಾಲು ಕಳೆದುಬಿಡುತ್ತದೆ. ಭೂಕಂಪದ ಅಲೆಗಳನ್ನು ಅಧ್ಯಯನ ಮಾಡಿದ ನಂತರದವರು ಇದನ್ನು ದೃಢಪಡಿಸಿದರು. ಸಾಮಾನ್ಯವಾಗಿ ಖಂಡಗಳ ಹೊರಚಿಪ್ಪು 35ರಿಂದ 40 ಕಿಲೋಮೀಟರ್ ದಪ್ಪವಿದ್ದರೆ, ಹಿಮಾಲಯ ಮತ್ತು ಟಿಬೆಟ್ ಪ್ರದೇಶದಲ್ಲಿ ಅದು 70 ಕಿಲೋಮೀಟರಿನಷ್ಟಾಗುತ್ತದೆ. ಎಂಟು ಕಿಲೋಮೀಟರ್ ಎತ್ತರವನ್ನು ಹೊತ್ತು ನಿಂತಿರುವುದು ಕಣ್ಣಿಗೆ ಕಾಣದ ಈ ಬೇರು.

ತೇಲುವ ವಸ್ತುವಿನ ಮೇಲಿನ ಭಾರ ತೆಗೆದರೆ ಅದು ಮೇಲೇಳಬೇಕಷ್ಟೆ. ಹಿಮಯುಗದಲ್ಲಿ ಉತ್ತರ ಯೂರೋಪನ್ನು ಒತ್ತಿಹಿಡಿದಿದ್ದ ದಪ್ಪನೆಯ ಹಿಮ ಕರಗಿ ಸಾವಿರಾರು ವರ್ಷಗಳಾದರೂ ಅಲ್ಲಿಯ ನೆಲ ಇಂದಿಗೂ ಏಳುತ್ತಲೇ ಇದೆ. ಸ್ವೀಡನ್ ಮತ್ತು ಫಿನ್ಲೆಂಡಿನ ನಡುವಿನ ಬೋತ್ನಿಯಾ ಕೊಲ್ಲಿಯ ತೀರದಲ್ಲಿ ಅದು ವರ್ಷಕ್ಕೆ 8ರಿಂದ 9 ಮಿಲಿಮೀಟರ್. ಹೀಗೆ ಕಡಲು ಹಿಂದೆ ಸರಿಯುವುದರಿಂದ ಫಿನ್ಲೆಂಡಿಗೆ ಪ್ರತಿವರ್ಷ ಸುಮಾರು 7 ಚದರ ಕಿಲೋಮೀಟರ್ ಹೊಸ ನೆಲ ಸೇರುತ್ತದೆ.

ಪ್ರಶ್ನೆ: ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಯಾರೋ ಕಡೆದು ನಿಲ್ಲಿಸಿದಂತಿವೆ. ಅವು ಮಡಗಾಸ್ಕರಿಗೆ ಸಂಬಂಧಿಸಿದವು ಎಂದು ಪ್ರವಾಸದಲ್ಲಿ ಒಬ್ಬರು ಹೇಳಿದರು. ಅಷ್ಟು ದೂರದ ನಂಟು ಹೇಗೆ ಸಾಧ್ಯ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಂಟು ಇದೆ, ಮತ್ತು ಅದು ಒಂದೇ ಮನೆಯಿಂದ ಬೇರೆಯಾದವರ ನಂಟು. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ ಭಾರತ ದಕ್ಷಿಣ ಗೋಳಾರ್ಧದಲ್ಲಿತ್ತು. ಮಡಗಾಸ್ಕರ್ ಅದಕ್ಕೆ ಅಂಟಿಕೊಂಡಿತ್ತು. ಎರಡೂ ಬಿರಿದು ಬೇರೆಯಾಗುವಾಗ ಬಿರುಕುಗಳಿಂದ ಲಾವಾ ಉಕ್ಕಿತು. ಮಲ್ಪೆಯ ದ್ವೀಪಗಳ ಶಿಲೆ ಆ ಕಾಲದ್ದು, ಮಡಗಾಸ್ಕರಿನಲ್ಲಿಯೂ ಅದೇ ಕಾಲದ ಲಾವಾ ಶಿಲೆಗಳಿವೆ. ಆ ಬಳಿಕ ಭಾರತ ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಸರಿದ ಕಾಲವೂ ಇತ್ತು. ಏಷ್ಯಾಕ್ಕೆ ಢಿಕ್ಕಿ ಹೊಡೆದ ಮೇಲೆ ಈಗ ವೇಗ ಐದು ಸೆಂಟಿಮೀಟರಿನ ಆಸುಪಾಸಿಗೆ ಇಳಿದಿದೆ. ಇದನ್ನು ದಖ್ಖನಿನ ಕಪ್ಪುಶಿಲೆಯೊಡನೆ ಸೇರಿಸಿ ಹೇಳುವವರಿದ್ದಾರೆ, ಅದು ಸರಿಯಲ್ಲ. ದಖ್ಖನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಶಿಲೆ ಅದಕ್ಕಿಂತ ಎರಡು ಕೋಟಿ ವರ್ಷ ಹಳೆಯದು, ಸಂಯೋಜನೆಯಲ್ಲಿಯೂ ಬಸಾಲ್ಟ್‌ಗಿಂತ ಹೆಚ್ಚು ಸಿಲಿಕಾ ಇರುವಂಥದು.

ಕಂಬದ ಆಕಾರಕ್ಕೆ ಕಾರಣ ತಂಪಾಗುವಿಕೆ. ದಪ್ಪನೆಯ ಲಾವಾ ಪದರ ನಿಧಾನವಾಗಿ ತಣಿಯುವಾಗ ಕುಗ್ಗುತ್ತದೆ; ಕುಗ್ಗುವುದಕ್ಕೆ ಜಾಗವಿಲ್ಲದೆ ಬಿರಿಯುತ್ತದೆ. ಒಂದೇ ಸಮನಾಗಿ ಕುಗ್ಗುವ ಹಾಳೆಯಲ್ಲಿ ಬಿರುಕುಗಳು ಒಂದನ್ನೊಂದು ಸಂಧಿಸುವಾಗ ಸುಮಾರು 120 ಡಿಗ್ರಿ ಕೋನಕ್ಕೆ ಬಂದು ನಿಂತರೆ ಕಡಿಮೆ ಶಕ್ತಿಯಲ್ಲಿ ಒತ್ತಡ ಕಳೆಯುತ್ತದೆ, ಅದರಿಂದ ಆರು ಬದಿಯ ಆಕಾರ ಹೆಚ್ಚಾಗಿ ಮೂಡುತ್ತದೆ. ಐದು, ಏಳು ಬದಿಯವೂ ನಡುವೆ ಇರುತ್ತವೆ. ತಣ್ಣಗಾಗುವಿಕೆ ಮೇಲಿನಿಂದ ಒಳಕ್ಕೆ ಇಳಿದಂತೆ ಬಿರುಕೂ ಇಳಿಯುತ್ತಾ ಹೋಗಿ ಕಂಬಗಳಾಗುತ್ತವೆ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇಯಲ್ಲಿರುವ ಸುಮಾರು 40,000 ಕಂಬಗಳೂ ಹೀಗೆಯೇ ಆದವು. ದ್ವೀಪಕ್ಕೆ ಹೋಗುವವರಲ್ಲಿ ಒಂದು ವಿನಂತಿ: ನೆನಪಿಗಾಗಿ ಚೂರುಗಳನ್ನು ಒಡೆದು ತರಬೇಡಿ. ಎರಡು ಭೂಖಂಡಗಳ ಅಗಲಿಕೆಗೆ ನಮ್ಮ ಕರಾವಳಿಯಲ್ಲಿ ಇಷ್ಟು ಸ್ಪಷ್ಟವಾದ ಸಾಕ್ಷಿ ಬೇರೆಲ್ಲೂ ಸುಲಭವಾಗಿ ಕೈಗೆ ಸಿಗುವುದಿಲ್ಲ.

ಪ್ರಶ್ನೆ: ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆಯೇ?
— ವಿದ್ಯಾರ್ಥಿ, ಬೀದರ್

ಉತ್ತರ: ಕಾಣುವುದಿಲ್ಲ. ಆರೋಗ್ಯವಂತ ಕಣ್ಣು ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವೆ ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನವಾದರೂ ಇರಬೇಕು. ಚಂದ್ರ ಇರುವ 3,84,000 ಕಿಲೋಮೀಟರ್ ದೂರದಿಂದ ಅದು ಭೂಮಿಯ ಮೇಲೆ ನೂರು ಕಿಲೋಮೀಟರಿಗೂ ಹೆಚ್ಚು ಅಗಲವಾಗುತ್ತದೆ. ಗೋಡೆಯ ಅಗಲ ಕೆಲವೇ ಮೀಟರ್, ಬಣ್ಣವೂ ಸುತ್ತಲಿನ ಮಣ್ಣಿನದೇ. 2003ರಲ್ಲಿ ಭೂಮಿಯ ಸುತ್ತ ಕಕ್ಷೆಯಲ್ಲಿ ಹಾರಿದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ತಮಗೆ ಗೋಡೆ ಕಾಣಲಿಲ್ಲವೆಂದು ಹೇಳಿದರು. ಗೋಡೆ ಚಂದ್ರನಿಂದ ಕಾಣಬಹುದು ಎಂಬ ಮಾತು 1754ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಸ್ಟಕ್ಲಿ ಬರೆದ ಪತ್ರವೊಂದರಲ್ಲಿ ಬರುತ್ತದೆ. ಚಂದ್ರನ ಮೇಲೆ ಮನುಷ್ಯ ಇಳಿದದ್ದು ಅದಾದ ಎರಡು ಶತಮಾನಗಳ ನಂತರ.

ಪ್ರಶ್ನೆ: ಒಂದು ದೇಶ ತನ್ನ ಪಂಚಾಂಗದಿಂದ ಒಂದು ದಿನವನ್ನೇ ತೆಗೆದುಹಾಕಿತಂತೆ. ಹಾಗೆ ಮಾಡಲು ಬರುತ್ತದೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಬರುತ್ತದೆ. ಪೆಸಿಫಿಕ್ ಸಾಗರದ ಸಮೋವಾ ದೇಶದಲ್ಲಿ 2011ರ ಡಿಸೆಂಬರ್ 30 ಎಂಬ ದಿನ ಇರಲೇ ಇಲ್ಲ. ಗುರುವಾರ 29ರ ಮಧ್ಯರಾತ್ರಿ ಕಳೆದೊಡನೆ ಶನಿವಾರ 31 ಆರಂಭವಾಯಿತು. ಆ ಶುಕ್ರವಾರದ ಸಂಬಳವನ್ನು ಕೆಲಸಗಾರರಿಗೆ ಕೊಡಲೇಬೇಕೆಂದು ಸರ್ಕಾರ ಮಾಲೀಕರಿಗೆ ತಿಳಿಸಿತ್ತು.

ಕಾರಣ ವ್ಯಾಪಾರ. ದಿನ ಬದಲಾಗುವ ಅಂತಾರಾಷ್ಟ್ರೀಯ ದಿನಾಂಕ ರೇಖೆ ಪೆಸಿಫಿಕ್ ನಡುವೆ ಹಾದುಹೋಗುತ್ತದೆ. ಅದನ್ನು ಯಾವ ಒಪ್ಪಂದವೂ ಕಲ್ಲಿನಲ್ಲಿ ಕೊರೆದಿಲ್ಲ, ತಾನು ಯಾವ ಬದಿಯಲ್ಲಿರಬೇಕೆಂದು ಆಯಾ ದೇಶವೇ ತೀರ್ಮಾನಿಸುತ್ತದೆ. 1892ರಲ್ಲಿ ಅಮೆರಿಕದೊಂದಿಗಿನ ವ್ಯಾಪಾರಕ್ಕೆ ಅನುಕೂಲವಾಗಲೆಂದು ಸಮೋವಾ ಪೂರ್ವದ ಬದಿಗೆ ಸೇರಿಕೊಂಡು, ಜುಲೈ 4ನ್ನು ಎರಡು ಸಲ ಆಚರಿಸಿತು. ನೂರ ಹತ್ತೊಂಬತ್ತು ವರ್ಷಗಳ ಬಳಿಕ ಅದರ ವ್ಯವಹಾರವೆಲ್ಲ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನೊಂದಿಗೆ ನಡೆಯುತ್ತಿತ್ತು. ಸಮೋವಾದಲ್ಲಿ ಶುಕ್ರವಾರವಾದಾಗ ಅಲ್ಲಿ ಶನಿವಾರದ ರಜೆ, ಇಲ್ಲಿ ಭಾನುವಾರದ ರಜೆಯಿದ್ದಾಗ ಅಲ್ಲಿ ಸೋಮವಾರದ ಕೆಲಸ. ವಾರಕ್ಕೆ ಎರಡು ದಿನ ಹೀಗೆ ನಷ್ಟವಾಗುತ್ತಿದ್ದುದರಿಂದ ಅದು ಮತ್ತೆ ಪಶ್ಚಿಮದ ಬದಿಗೆ ಬಂತು. ನ್ಯೂಜಿಲೆಂಡಿಗೆ ಸೇರಿದ ಟೊಕೆಲಾವ್ ದ್ವೀಪಗಳೂ ಅದೇ ದಿನವನ್ನು ಬಿಟ್ಟವು. ಪಕ್ಕದ ಅಮೆರಿಕನ್ ಸಮೋವಾ ಮಾತ್ರ ಇದ್ದಲ್ಲಿಯೇ ಉಳಿಯಿತು. ಆದ್ದರಿಂದ ನೂರು ಚಿಲ್ಲರೆ ಕಿಲೋಮೀಟರ್ ಅಂತರದ ಈ ಎರಡು ಸಮೋವಾಗಳಲ್ಲಿ ಗಡಿಯಾರ ಈಗ ಒಂದೇ ಸಮಯ ತೋರಿಸಿದರೂ ದಿನಾಂಕದಲ್ಲಿ ಪೂರ್ತಿ ಒಂದು ದಿನದ ವ್ಯತ್ಯಾಸವಿದೆ.

ಕಿರಿಬಾಸ್ ದೇಶ 1995ರಲ್ಲಿ ತನ್ನ ಪೂರ್ವದ ದ್ವೀಪಗಳನ್ನು ಇದೇ ರೀತಿ ಈಚೆಗೆ ತಂದುಕೊಂಡಿತು. ಒಂದೇ ದೇಶದೊಳಗೆ ಎರಡು ದಿನಾಂಕಗಳಿದ್ದ ತೊಂದರೆ ಅದರಿಂದ ನೀಗಿತು. ಅಲ್ಲಿಯ ಲೈನ್ ದ್ವೀಪಗಳ ಗಡಿಯಾರ ಗ್ರೀನಿಚ್‌ಗಿಂತ 14 ಗಂಟೆ ಮುಂದಿದೆ, ಅಮೆರಿಕನ್ ಸಮೋವಾದ್ದು 11 ಗಂಟೆ ಹಿಂದಿದೆ. ಎರಡನ್ನೂ ಕೂಡಿಸಿದರೆ 25 ಗಂಟೆ, ಅಂದರೆ ಒಂದು ದಿನಕ್ಕಿಂತ ಒಂದು ಗಂಟೆ ಹೆಚ್ಚು. ಇದರ ಪರಿಣಾಮವನ್ನು ನಮ್ಮ ಗಡಿಯಾರದಲ್ಲಿಯೇ ಹೇಳುವುದಾದರೆ, ಕರ್ನಾಟಕದಲ್ಲಿ ಸೋಮವಾರ ಮಧ್ಯಾಹ್ನ 3.30ರಿಂದ 4.30ರವರೆಗೆ ಅಮೆರಿಕನ್ ಸಮೋವಾದಲ್ಲಿ ಇನ್ನೂ ಭಾನುವಾರ ರಾತ್ರಿ, ಲೈನ್ ದ್ವೀಪಗಳಲ್ಲಿ ಆಗಲೇ ಮಂಗಳವಾರ. ಪ್ರತಿದಿನವೂ ಆ ಒಂದು ಗಂಟೆಯ ಕಾಲ ಜನವಸತಿಯಿರುವ ಭೂಮಿಯ ಮೇಲೆ ಮೂರು ದಿನಾಂಕಗಳಿರುತ್ತವೆ.

ಪ್ರಶ್ನೆ: ಅಮೆಜಾನ್ ಕಾಡಿಗೆ ಸಹಾರಾ ಮರುಭೂಮಿ ಗೊಬ್ಬರ ಒದಗಿಸುತ್ತದೆ ಎಂಬ ಸಂದೇಶ ಬಂದಿದೆ. ನಡುವೆ ಅಟ್ಲಾಂಟಿಕ್ ಸಾಗರವೇ ಇದೆಯಲ್ಲ?
— ಕೃಷಿಕರೊಬ್ಬರು, ಸಿರಸಿ

ಉತ್ತರ: ಸಾಗರ ದಾಟಿಯೇ ಹೋಗುತ್ತದೆ, ಗಾಳಿಯ ಮೂಲಕ. ಸತತ ಮಳೆ ಬೀಳುವ ಕಾಡಿನ ಮಣ್ಣು ಹಸಿರಾಗಿ ಕಂಡಷ್ಟು ಫಲವತ್ತಾಗಿರುವುದಿಲ್ಲ ಎಂಬುದು ಮಲೆನಾಡಿನ ಕೃಷಿಕರಾದ ನಿಮಗೆ ಅನುಭವದಿಂದಲೇ ತಿಳಿದಿರುತ್ತದೆ. ಅಮೆಜಾನಿನಲ್ಲಿಯೂ ಮಳೆನೀರು ಪೋಷಕಾಂಶಗಳನ್ನು ತೊಳೆದು ಒಯ್ಯುತ್ತದೆ, ಅದರಲ್ಲಿ ರಂಜಕದ ಕೊರತೆ ಮುಖ್ಯವಾದದ್ದು. ಅತ್ತ ಆಫ್ರಿಕಾದ ಚಾಡ್ ದೇಶದಲ್ಲಿ ಬೊಡೆಲೆ ಎಂಬ ತಗ್ಗುಪ್ರದೇಶವಿದೆ. ಕೆಲವು ಸಾವಿರ ವರ್ಷಗಳ ಹಿಂದೆ ಅದು ಬೃಹತ್ ಸರೋವರವೊಂದರ ತಳವಾಗಿತ್ತು. ನೀರಿನಲ್ಲಿದ್ದ ಸೂಕ್ಷ್ಮಜೀವಿಗಳ ಚಿಪ್ಪುಗಳು ಅಲ್ಲಿ ಹಗುರವಾದ, ರಂಜಕವಿರುವ ಹುಡಿಯಾಗಿ ಉಳಿದಿವೆ. ಎರಡು ಬೆಟ್ಟಸಾಲುಗಳ ನಡುವಿನ ಕಿರಿದಾದ ದಾರಿಯಲ್ಲಿ ರಭಸದಿಂದ ನುಗ್ಗುವ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ.

2007ರಿಂದ 2013ರವರೆಗಿನ ಉಪಗ್ರಹ ಮಾಪನಗಳನ್ನು ಆಧರಿಸಿ ನಾಸಾದ ತಂಡವೊಂದು 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಹಾರಾದ ಪಶ್ಚಿಮದ ಅಂಚನ್ನು ದಾಟಿ ವರ್ಷಕ್ಕೆ ಸರಾಸರಿ 18.2 ಕೋಟಿ ಟನ್ ಧೂಳು ಹೊರಡುತ್ತದೆ. ಅದರಲ್ಲಿ ಸುಮಾರು 2.77 ಕೋಟಿ ಟನ್ ಅಮೆಜಾನ್ ಕಣಿವೆಯ ಮೇಲೆ ಬೀಳುತ್ತದೆ. ಹಾಗೆ ಬಿದ್ದ ಧೂಳಿನಲ್ಲಿರುವ ರಂಜಕ ಸುಮಾರು 22,000 ಟನ್; ಮಳೆ ಮತ್ತು ಪ್ರವಾಹದಿಂದ ಆ ಕಾಡು ಕಳೆದುಕೊಳ್ಳುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಇದು ಪ್ರತಿವರ್ಷ ಒಂದೇ ಸಮನೆ ನಡೆಯುವ ವ್ಯವಸ್ಥೆಯಲ್ಲ. ಆ ಅವಧಿಯಲ್ಲಿ 2007ರಲ್ಲಿ ಅತಿ ಹೆಚ್ಚು, 2011ರಲ್ಲಿ ಅತಿ ಕಡಿಮೆ ಧೂಳು ಸಾಗಿತ್ತು. ಸಹಾರಾದ ದಕ್ಷಿಣದ ಅಂಚಿನಲ್ಲಿ ಹಿಂದಿನ ವರ್ಷ ಮಳೆ ಹೆಚ್ಚಾದರೆ ಮರುವರ್ಷ ಧೂಳು ಕಡಿಮೆಯಾಗುವಂತೆ ಅವರಿಗೆ ಕಂಡುಬಂದಿದೆ.

ಪ್ರಶ್ನೆ: ಜಗತ್ತಿನಲ್ಲೇ ಹೆಚ್ಚು ಮಳೆ ಬೀಳುವ ಚಿರಾಪುಂಜಿಯಲ್ಲಿ ಕುಡಿಯುವ ನೀರಿಗೆ ಕಷ್ಟವಂತೆ, ನಿಜವೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಚಳಿಗಾಲದಲ್ಲಿ ನಿಜ. ಬಂಗಾಳ ಕೊಲ್ಲಿಯಿಂದ ಬಂದ ತೇವದ ಗಾಳಿ ಬಾಂಗ್ಲಾದೇಶದ ಬಯಲನ್ನು ದಾಟಿ, ಥಟ್ಟನೆ ಎದ್ದು ನಿಂತ ಖಾಸಿ ಬೆಟ್ಟಗಳಿಗೆ ಬಡಿದು ಮೇಲೇರುವಾಗ ಮಳೆ ಸುರಿಯುತ್ತದೆ. 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ ಅಲ್ಲಿ 26,461 ಮಿಲಿಮೀಟರ್ ಮಳೆಯಾದದ್ದು ಹನ್ನೆರಡು ತಿಂಗಳ ವಿಶ್ವದಾಖಲೆ. ಸರಾಸರಿಯಲ್ಲಿ ಮಾತ್ರ ಪಕ್ಕದ ಮಾಸಿನ್‌ರಾಮ್ ಸ್ವಲ್ಪ ಮುಂದಿದೆ. ನಿಮ್ಮ ನೆರೆಯ ಆಗುಂಬೆಯ 7,000 ಮಿಲಿಮೀಟರಿಗೂ ಮೀರಿದ ಮಳೆ ಇದರ ಮುಂದೆ ಸಣ್ಣದು. ಆದರೆ ಮಣ್ಣಿನ ಪದರ ತೆಳುವಾಗಿದೆ, ಕೆಳಗೆ ಬಿರುಕುಬಿಟ್ಟ ಸುಣ್ಣಕಲ್ಲು ಮತ್ತು ಮರಳುಗಲ್ಲು ಇವೆ, ಇಳಿಜಾರು ಕಡಿದಾಗಿದೆ. ಕಾಡು ಕಡಿದ ಮೇಲೆ ಮಣ್ಣೂ ಕೊಚ್ಚಿಹೋಯಿತು. ಬಿದ್ದ ನೀರು ಕೆಲವೇ ಗಂಟೆಗಳಲ್ಲಿ ಬಾಂಗ್ಲಾದೇಶದ ಬಯಲಿಗೆ ಇಳಿಯುತ್ತದೆ, ಮಳೆ ನಿಂತ ತಿಂಗಳುಗಳಲ್ಲಿ ಹೆಂಗಸರು ದೂರದ ಒರತೆಗಳಿಂದ ನೀರು ಹೊರುತ್ತಾರೆ.

ಪ್ರಶ್ನೆ: ನಮ್ಮ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಗಣಿಯ ಆಳದಲ್ಲಿ ಆಕಾಶದ ಕಣಗಳನ್ನು ಹುಡುಕುವ ವಿಜ್ಞಾನಿಗಳಿದ್ದರು ಎಂದು ಹೇಳುತ್ತಿದ್ದರು. ಆಕಾಶದ್ದನ್ನು ನೆಲದಡಿಯಲ್ಲಿ ಹುಡುಕುವುದೇಕೆ? ಅದು ಜಗತ್ತಿನಲ್ಲೇ ಮೊದಲು ಎನ್ನುವುದು ಸರಿಯೇ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ನಿಮ್ಮ ತಂದೆಯವರು ಹೇಳಿದ್ದು ಪೂರ್ತಿ ನಿಜ. ನ್ಯೂಟ್ರಿನೊ ಎಂಬ ಕಣ ಯಾವುದನ್ನೂ ಮುಟ್ಟದಂತೆ ಇಡೀ ಭೂಮಿಯನ್ನು ತೂರಿ ಹೋಗಬಲ್ಲದು. ಸೂರ್ಯನಿಂದ ಬರುವಂಥವೇ ಪ್ರತಿ ಸೆಕೆಂಡಿಗೆ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಸುಮಾರು 6,500 ಕೋಟಿ ಹಾದುಹೋಗುತ್ತವೆ. ಎಲ್ಲೋ ಅಪರೂಪಕ್ಕೆ ಒಂದು ನ್ಯೂಟ್ರಿನೊ ಶಿಲೆಯ ಪರಮಾಣುವಿಗೆ ತಾಗಿ ಮ್ಯುವಾನ್ ಎಂಬ ಇನ್ನೊಂದು ಕಣವನ್ನು ಹುಟ್ಟಿಸಬಹುದು. ನಾವು ನೋಡಬಲ್ಲದ್ದು ಆ ಮ್ಯುವಾನನ್ನು. ತೊಂದರೆಯೆಂದರೆ, ಬಾಹ್ಯಾಕಾಶದ ವಿಕಿರಣ ವಾತಾವರಣಕ್ಕೆ ಬಡಿದಾಗ ಹುಟ್ಟುವ ಬೇರೆ ಮ್ಯುವಾನ್‌ಗಳು ನೆಲದ ಮೇಲೆ ಮಳೆಯಂತೆ ಸುರಿಯುತ್ತಲೇ ಇರುತ್ತವೆ. ಅವನ್ನು ಸೋಸಿ ತೆಗೆಯಬಲ್ಲದ್ದು ಕಿಲೋಮೀಟರುಗಟ್ಟಲೆ ದಪ್ಪದ ಬಂಡೆ ಮಾತ್ರ. ಮೂರು ಕಿಲೋಮೀಟರ್ ಆಳಕ್ಕೆ ಇಳಿದಿದ್ದ ಕೋಲಾರದ ಗಣಿ ಇದಕ್ಕೆ ಹೇಳಿಮಾಡಿಸಿದ ಜಾಗವಾಗಿತ್ತು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ, ನಂಜನಗೂಡು ಸೀಮೆಯ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿಯೇ ಈ ಗಣಿಗಿಳಿದು, ಆಳ ಹೆಚ್ಚಿದಂತೆ ಮ್ಯುವಾನ್‌ಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆದಿದ್ದರು. 1960ರ ದಶಕದ ಆರಂಭದಲ್ಲಿ ತೀರ ಆಳದಲ್ಲಿ ಉಪಕರಣವಿಟ್ಟಾಗ ವಾರಗಟ್ಟಲೆ ಕಾದರೂ ಒಂದು ಮ್ಯುವಾನ್ ಕೂಡ ದಾಖಲಾಗಲಿಲ್ಲ. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊ ಹುಡುಕಬಹುದೆಂಬ ಧೈರ್ಯ ಬಂದದ್ದು ಆಗ. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿತು. ಮೇಲಿನಿಂದ ಅಳಿದುಳಿದು ಇಳಿಯುವ ಮ್ಯುವಾನ್‌ಗಳು ಹೆಚ್ಚಾಗಿ ಲಂಬವಾಗಿ ಬರುತ್ತವೆ. ಅಡ್ಡವಾಗಿ ಅಥವಾ ಕೆಳಗಿನಿಂದ ಬರುವ ಮ್ಯುವಾನ್ ಇದ್ದರೆ ಅದು ಅಷ್ಟು ದಪ್ಪದ ಬಂಡೆಯನ್ನು ತಾನೇ ದಾಟಿ ಬಂದಿರಲಾರದು, ಹತ್ತಿರದಲ್ಲೆಲ್ಲೋ ನ್ಯೂಟ್ರಿನೊದಿಂದ ಹುಟ್ಟಿರಬೇಕು. 1965ರಲ್ಲಿ ಅಂಥ ಜಾಡುಗಳು ಅವರಿಗೆ ದೊರೆತವು.

ಮೊದಲು ಯಾರು ಎಂಬುದಕ್ಕೆ ಎರಡು ಭಾಗದ ಉತ್ತರ ಕೊಡುವುದು ನ್ಯಾಯ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಹುಡುಕಾಟದಲ್ಲಿತ್ತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವಿನ ಗುರುತನ್ನು ಆ ತಂಡ ಫೆಬ್ರುವರಿಯಲ್ಲಿಯೇ ದಾಖಲಿಸಿತ್ತು, ಕೋಲಾರದ ತಂಡಕ್ಕೆ ಅದು ಸಿಕ್ಕಿದ್ದು ಅದರ ನಂತರ. ಆದರೆ ಪರಿಶೀಲಿಸಿ, ಲೇಖನ ಬರೆದು, ಪ್ರಕಟಿಸಿದ್ದರಲ್ಲಿ ಕೋಲಾರದ ತಂಡ ಮೊದಲು; ಆಗಸ್ಟ್ ತಿಂಗಳಲ್ಲಿ ಎರಡೂ ಲೇಖನಗಳು ಸುಮಾರು ಎರಡು ವಾರಗಳ ಅಂತರದಲ್ಲಿ ಹೊರಬಂದವು. ಎರಡು ತಂಡಗಳೂ ಒಂದರ ಮೇಲೊಂದು ಅವಲಂಬಿಸದೆ ಒಂದೇ ಉತ್ತರಕ್ಕೆ ಬಂದಿದ್ದರಿಂದಲೇ ಆ ಫಲಿತಾಂಶವನ್ನು ಭೌತವಿಜ್ಞಾನಿಗಳು ಕೂಡಲೇ ನಂಬಿದರು.